ತಮ್ಮಣ್ಣ ಅಂಟಿಸಿದ ವ್ಯಂಗ್ಯಚಿತ್ರ
ಅರವತ್ತೈದರ ಯುದ್ಧದಲ್ಲಿ ಮಿರಜದ ಪೇಟೆಯಿಂದ ಸಕ್ಕರೆ ಮಾಯವಾಯಿತು, ಸಹಕಾರಿ ಸಂಘದ ರೇಷನ್ ಅಂಗಡಿಯ ತಮ್ಮಣ್ಣನ ಠೀವಿ ಮಾತ್ರ ಮಾಯವಾಗಲಿಲ್ಲ. ದಿನವೂ ಮರಾಠಿ ಪತ್ರಿಕೆಯ ವ್ಯಂಗ್ಯಚಿತ್ರವನ್ನು ಕತ್ತರಿಸಿ ಬಾಗಿಲಿಗೆ ಅಂಟಿಸುವನು. ಗಡಿಯಲ್ಲಿ ಗೆದ್ದು ಬಂದ ಸೇನಾಪತಿಯಂತೆ ನಿಂತು ಸಾಲಿನವರಿಗೆ ಅದರ ಅರ್ಥ ಬಿಡಿಸಿ ಹೇಳುವನು. ಒಂದು ದಿನ, ಬಚ್ಚಿಟ್ಟ ಮೂಟೆಗಳ ಮೇಲೆ ಕುಳಿತ ಡೊಳ್ಳುಹೊಟ್ಟೆಯ ಸಾಹುಕಾರನ ಚಿತ್ರ ಬಂತು. "ಥೇಟ್ ನಿಮ್ಮ ಅಣ್ಣನ ಹಂಗ ಅದಾನಲ್ರಿ!" ಎಂದಳು ಕೂಲಿಯ ರುಕ್ಮವ್ವ. ಸಾಲೆಲ್ಲ ನಕ್ಕಿತು. ಸಂಜೆಗೇ ಅಣ್ಣ, ಪೇಟೆಯ ದೊಡ್ಡ ವ್ಯಾಪಾರಿ ಹಯಗ್ರೀವ, ಬಂದ. "ಅದನ್ನ ಹರದು ಒಗಿ. ಮನಿ ಮಾನ ಹೋಗ್ತದ." ತಂದೆ ಸತ್ತಮೇಲೆ ತಮ್ಮಣ್ಣನನ್ನು ಸಾಕಿದವನು ಅವನೇ. ಆದರೂ ತಮ್ಮಣ್ಣ ಚಿತ್ರಕ್ಕೆ ಕೈ ಹಚ್ಚಲಿಲ್ಲ. "ಅಣ್ಣಾ, ನೀವು ಗೋದಾಮು ತೆರೀರಿ, ಚಿತ್ರ ನಾನೇ ತೆಗೀತೇನಿ" ಎಂದ. ಹಯಗ್ರೀವ ಬಾಗಿಲಿನ ಚಿತ್ರವನ್ನು ಇನ್ನೊಮ್ಮೆ ನೋಡಿ ಹೊರಟುಹೋದ. ಮರುದಿನ ಗೋದಾಮು ತೆರೆಯಿತು, ಅಣ್ಣನ ಅಂಗಡಿಗೆ ಸರಕಾರಿ ದರಕ್ಕೇ ಸಕ್ಕರೆ ಬಂತು. ತನ್ನ ಬಾಗಿಲಿನ ಚಿತ್ರ ಕಿತ್ತು ಬಂದು, ಅಲ್ಲಿ ಎಲ್ಲರಿಗಿಂತ ಮುಂದೆ ಚೀಲ ಹಿಡಿದು ನಿಂತಿದ್ದ ತಮ್ಮಣ್ಣ, ಬಂದವರಿಗೆಲ್ಲ ಹೇಳುತ್ತಿದ್ದ: "ಬರ್ರಿ, ಇದು ನಮ್ಮ ಅಣ್ಣನ ಅಂಗಡಿ!"