ಬಲಗಡೆಯ ಮೆಟ್ಟಿಲು

ಶಾಲೆಯ ಗುಂಪು ಫೋಟೋ ತೆಗೆಯಲು ಬಂದ ಮೊದಲ ದಿನವೇ ಆಕೆ ನಮ್ಮ ಮುಖ್ಯೋಪಾಧ್ಯಾಯರನ್ನು ಗದರಿಸಿದ್ದರು. "ಸಾರ್, ಅಲ್ಲಾಡಬೇಡಿ ಅಂದೆ, ಉಸಿರು ಬಿಡಬೇಡಿ ಅನ್ನಲಿಲ್ಲ!" ನಾವು ಮೇಷ್ಟ್ರುಗಳೆಲ್ಲ ನಗು ನುಂಗಿಕೊಂಡೆವು. ಊರು ಅವರನ್ನು ಫೋಟೋ ಅಕ್ಕ ಎನ್ನುತ್ತಿತ್ತು.

ಹೊಟ್ಟೆಪಾಡಿಗೆ ಮದುವೆಯ ಫೋಟೋ. ಜೀವವೆಲ್ಲ ಹಳೆಯ ಚಿತ್ರಮಂದಿರದಲ್ಲಿ. ಬೆಳಿಗ್ಗೆ ಹತ್ತಕ್ಕೆ, ಕಸ ಗುಡಿಸಿದ ಮೇಲೆ, ಗಾರೆಹೂಗಳ ಚಾವಣಿಯನ್ನೂ ಬಾಲ್ಕನಿಯ ಬಾಗಿದ ಕಟಕಟೆಯನ್ನೂ ಖಾಲಿ ಕುರ್ಚಿಗಳ ಸಾಲನ್ನೂ ತೆಗೆಯುತ್ತಿದ್ದರು. ಒಳಗೆ ಬೆಳಕು ಸಾಲದು. ಕ್ಯಾಮೆರಾದ ಕಣ್ಣು ತೆರೆದಿಟ್ಟು ಗಟ್ಟಿಯಾಗಿ ನೂರರವರೆಗೆ ಎಣಿಸುವರು. ನಡುವೆ ಯಾರಾದರೂ ಅಡ್ಡ ಬಂದರೋ, ಅವರ ಏಳು ತಲೆಮಾರೂ ಎಣಿಕೆಗೆ ಸೇರುತ್ತಿತ್ತು. ಬಾಲ್ಕನಿ ಮೆಟ್ಟಿಲ ಬುಡದಲ್ಲಿ ನಿಂತು ಇಪ್ಪತ್ತು ವರ್ಷ ಟಿಕೆಟು ಹರಿದವರು ಅವರ ಗಂಡ.

ಗಂಡ ತೀರಿಕೊಂಡರು. ಚಿತ್ರಮಂದಿರ ಗೋದಾಮಾಯಿತು, ಮೆಟ್ಟಿಲನ್ನೂ ಕಿತ್ತರು. ಎರಡು ವರ್ಷದ ಹಿಂದೆ ಹೊಸ ಮಾಲೀಕ, ಎಲ್ಲವನ್ನೂ ಇದ್ದ ಹಾಗೆಯೇ ಕಟ್ಟಿಸುವೆನೆಂದು ಬಂದ. ಅಕ್ಕ ಪೆಟ್ಟಿಗೆ ತೆರೆದು ನಲವತ್ತು ಫೋಟೋ ಕೊಟ್ಟರು.

"ನಾನು ಕಣ್ಣು ಮುಚ್ಚೋದ್ರೊಳಗೆ ಆ ಮೆಟ್ಟಿಲು ಒಂದ್ಸಲ ಹತ್ತಬೇಕು ಮೇಷ್ಟ್ರೇ" ಎಂದರು.

ಕೆಲಸ ನೋಡಲು ಒಂದು ದಿನ ಇಬ್ಬರೂ ಹೋದೆವು. ಅರ್ಧ ಎದ್ದಿದ್ದ ಮೆಟ್ಟಿಲು ಎಡಗಡೆಗಿತ್ತು.

"ಏನಯ್ಯಾ ಇದು? ಬಲಗಡೆ ಅಲ್ವಾ ಇದ್ದದ್ದು?"

ಗುತ್ತಿಗೆದಾರ ಫೋಟೋ ಹಿಡಿದ. "ಎಡಗಡೆನೇ ಇದೆ ನೋಡಿ ಅಜ್ಜಿ. ಹಿಂದೆ ನಿಮ್ಮದೇ ಸೀಲು."

ಫೋಟೋದ ಗೋಡೆಯಲ್ಲಿ ಅಂಕಿಗಳಿಲ್ಲದ, ಬರೀ ಗೆರೆಗಳ ಗಡಿಯಾರ. ಮುಳ್ಳು ಎರಡು ಗಂಟೆ ತೋರಿಸುತ್ತಿತ್ತು. ಅಕ್ಕ ಬಹಳ ಹೊತ್ತು ನೋಡಿದರು.

"ಎರಡಕ್ಕೆ ಮ್ಯಾಟಿನಿ ಜನ ಮೈಮೇಲೆ ಬೀಳ್ತಿದ್ರು. ನಾನು ತೆಗೀತಿದ್ದದ್ದು ಹತ್ತಕ್ಕೆ. ಅಯ್ಯೋ, ನೆಗೆಟಿವ್ ಮಗುಚಿ ಹಾಕಿ ಪ್ರಿಂಟ್ ಮಾಡಿದ್ದೀನಿ. ಕನ್ನಡೀಲಿ ಕಂಡ ಹಾಗೆ ಎಲ್ಲ ಅದಲುಬದಲು. ನಾನೇ, ನನ್ನ ಕೈಗಿಷ್ಟು ಬೆಂಕಿ ಹಾಕ!"

"ಹೋಗ್ಲಿ ಬಿಡಿ. ಎಡವೋ ಬಲವೋ, ಹತ್ತಿದ್ರೆ ಮೇಲೆ ತಾನೇ ಹೋಗೋದು?" ಎಂದ ಗುತ್ತಿಗೆದಾರ.

"ಹಾಗಾದ್ರೆ ಬಲಗಾಲಿನ ಬೂಟು ಎಡಗಾಲಿಗೆ ಹಾಕ್ಕೊಂಡು ಮನೆಗೆ ಹೋಗು! ತಪ್ಪು ಮಾಡಿದ್ದು ನಾನು, ಹೌದು. ಗೊತ್ತಾದ ಮೇಲೂ ಕಟ್ತಿರೋನು ನೀನು."

ಮಾಲೀಕನೂ ಒಪ್ಪಲಿಲ್ಲ. ಉದ್ಘಾಟನೆಯ ದಿನ ನಿಗದಿಯಾಗಿದೆಯಂತೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆ ತಪ್ಪು ಫೋಟೋವನ್ನೇ ದೊಡ್ಡದು ಮಾಡಿ, 'ಅಂದು ಇದ್ದಂತೆಯೇ' ಎಂದು ಬರೆಸಿ ಮೆಟ್ಟಿಲ ಪಕ್ಕ ತೂಗುಹಾಕುವೆನೆಂದ! ಅಕ್ಕ ಫೋಟೋ ಕಿತ್ತುಕೊಂಡು ಅವನೆದುರೇ ನಾಲ್ಕು ಚೂರು ಮಾಡಿದರು. ಅವರು ಫೋಟೋ ಹರಿದದ್ದನ್ನು ನಾನು ಕಂಡದ್ದು ಅದೊಂದೇ ಸಲ. ತಪ್ಪನ್ನು ತಾನೇ ಒಪ್ಪಿಕೊಂಡ ಮಗುವಿಗೆ ತಿದ್ದಲು ಸ್ಲೇಟು ಕೊಡದ ಮೇಷ್ಟ್ರನ್ನು ನನ್ನ ಸೇವೆಯಲ್ಲಿ ನೋಡಲಿಲ್ಲ, ಈ ಮಾಲೀಕನನ್ನು ನೋಡಿದೆ. ನನ್ನ ಸಿಟ್ಟೂ ಇನ್ನೂ ಇಳಿದಿಲ್ಲ.

ಚಿತ್ರಮಂದಿರ ತೆರೆದಿದೆ. ಅಕ್ಕ ಅತ್ತ ಕಾಲಿಟ್ಟಿಲ್ಲ. ದಿನವೂ ಕಿಟಕಿಯ ಬಳಿ ಕುಳಿತು, ಒಂದೊಂದೇ ನೆಗೆಟಿವನ್ನು ಬೆಳಕಿಗೆ ಹಿಡಿದು, ಸರಿಯಾದ ಮಗ್ಗುಲಿನ ಮೂಲೆಗೆ ಕೆಂಪು ಚುಕ್ಕೆ ಇಡುತ್ತಾರೆ. ಆ ಮೆಟ್ಟಿಲನ್ನು ಹೊಸದಾಗಿ, ಸರಿಯಾಗಿ ಅಚ್ಚು ಹಾಕಿ ತಮ್ಮ ಫೋಟೋ ಅಂಗಡಿಯ ಗಾಜಿನೊಳಗೆ ರಸ್ತೆಗೆ ಮುಖಮಾಡಿ ಇಟ್ಟಿದ್ದಾರೆ. ಕೆಳಗೆ ದಪ್ಪಕ್ಷರದಲ್ಲಿ: 'ಬಲಗಡೆ ಇತ್ತು.' ಸಿನಿಮಾಕ್ಕೆ ಹೊರಟವರು ನಿಂತು ನೋಡಿದರೆ ಒಳಗಿನಿಂದಲೇ ಗದರುತ್ತಾರೆ:

"ನೋಡಿದ್ದಾಯ್ತಲ್ಲ? ಹೋಗಿ ಅವನನ್ನ ಕೇಳಿ!"