ಚೆನ್ನಾಗಿದೆ, ಹಾಗೇ ಹೇಳು

ರತ್ನಾ, ಆ ಹೋಟೆಲಿನ ಕೆಲಸ ನಿನಗೆ ತಪ್ಪಿದ್ದು ನಿನ್ನ ಹಣೆಬರಹದಿಂದಲ್ಲ, ನನ್ನಿಂದ. ಮೂರು ವರ್ಷದಿಂದ ಇದನ್ನು ನುಂಗಿಕೊಂಡು ಕೂತಿದ್ದೇನೆ.

ಗೋಕುಲಂನ ಯೋಗಶಾಲೆಯ ಆಫೀಸಿನಲ್ಲಿ ನಾನು, ಅಡುಗೆಮನೆಯಲ್ಲಿ ನೀನು. ನನ್ನದು ಇಂಗ್ಲಿಷ್ ಎಂ.ಎ. ಇಲವಾಲದಿಂದ ಬಸ್ಸಿನಲ್ಲಿ ಬರುವ ನೀನು ಹತ್ತನೇ ಕ್ಲಾಸು ಮುಗಿಸಿದವಳು. ಆದರೂ ಯೋಗ ಕಲಿಯಲು ಬಂದ ವಿದೇಶದವರು ಕಾಫಿ ಲೋಟ ಹಿಡಿದು ನಿನ್ನ ಬಳಿಯೇ ನಿಲ್ಲುತ್ತಿದ್ದರು. ಬೆನ್ನು ಬಗ್ಗದೆ ಸೋತು ಬಂದಾಗ ಅವರು ಅನ್ನುತ್ತಿದ್ದ 'ಐ ಗಿವ್ ಅಪ್', 'ಐಯಾಮ್ ಸೋ ಡನ್' — ಎಲ್ಲವನ್ನೂ ನೀನು ಕಲಿತುಬಿಟ್ಟೆ. ದೋಸೆ ಕಾವಲಿಗೆ ಅಂಟಿದರೆ ಸೌಟು ಕೆಳಗಿಟ್ಟು 'ಐ ಕಾಂಟ್ ಎನಿಮೋರ್' ಅನ್ನುತ್ತಿದ್ದೆ. ಅವರು ಬಿದ್ದು ಬಿದ್ದು ನಗುತ್ತಿದ್ದರು. ನಾನು ಮಾತಾಡಿದರೆ — ವ್ಯಾಕರಣ ಒಂದಿಷ್ಟೂ ತಪ್ಪದ ನನ್ನ ಮಾತಿಗೆ — ತಲೆಯಾಡಿಸಿ ಹೋಗುತ್ತಿದ್ದರು. ಪುಸ್ತಕದ ಬದನೆಕಾಯಿ ನನ್ನದು. ಹೊಟ್ಟೆಕಿಚ್ಚು ಅಂದರೆ ಏನೆಂದು ನನಗೆ ಗೊತ್ತಾದದ್ದು ನಿನ್ನ ಅಡುಗೆಮನೆಯ ಬಾಗಿಲಲ್ಲಿ.

ಹೋಟೆಲೊಂದರ ರಿಸೆಪ್ಷನ್ ಕೆಲಸಕ್ಕೆ ನಿನಗೆ ಇಂಟರ್‌ವ್ಯೂ ಬಂತು. ಹಿಂದಿನ ದಿನ ಮಧ್ಯಾಹ್ನ ಸೆರಗಿಗೆ ಕೈ ಒರೆಸುತ್ತಾ ನನ್ನ ಮುಂದೆ ಕೂತೆ.

"ಈಗಿನ ಕೆಲ್ಸ ಯಾಕ್ ಬುಡ್ತಾ ಇದ್ದೀರಾ ಅಂತ ಕೇಳ್ತಾರಂತೆ ಅಕ್ಕಾ. 'ಐಯಾಮ್ ಸೋ ಡನ್ ವಿತ್ ಇಟ್, ಐ ಕಾಂಟ್ ಎನಿಮೋರ್' ಅಂದ್ರೆ ಸರೀನಾ?"

ಸರಿಯಲ್ಲ — ಸಾಕಾಗಿಹೋಯಿತು, ಇನ್ನು ನನ್ನ ಕೈಲಾಗಲ್ಲ ಎಂದು ಸ್ನೇಹಿತರ ಮುಂದೆ ಗೊಣಗುವ ಮಾತು ಅದು. ಕೆಲಸ ಕೇಳಲು ಹೋದವರು ಆಡುವುದಲ್ಲ. ನನಗೆ ಗೊತ್ತಿತ್ತು. ತಿದ್ದಲು ಒಂದು ನಿಮಿಷ ಸಾಕಿತ್ತು. ಆದರೆ ನೀನು ರೇಷ್ಮೆ ಸೀರೆ ಉಟ್ಟು ಆ ಕೌಂಟರಿನ ಹಿಂದೆ ನಿಂತಿರುವುದು ಕಣ್ಣಿಗೆ ಕಟ್ಟಿತು, ಸಹಿಸಲಾಗಲಿಲ್ಲ.

"ಚೆನ್ನಾಗಿದೆ, ಹಾಗೇ ಹೇಳು" ಅಂದೆ.

ಮಾರನೆಯ ದಿನ ನೀನು ಅಲ್ಲಿಂದ ನೇರವಾಗಿ ನನ್ನ ಹತ್ತಿರವೇ ಬಂದೆ. "ಒಬ್ರ ಮುಖ ಒಬ್ರು ನೋಡ್ಕೊಂಡು ನಕ್ರು ಕಣಕ್ಕಾ. ಅಷ್ಟೊಂದು ಸಾಕಾಗಿದ್ರೆ ಮನೇಲಿರಮ್ಮ ಅಂದ್ಬುಟ್ರು. ನೀವು ಹೇಳ್ದಂಗೇ ಅಂದೆ... ನಾನು ಅಂದಿದ್ದೇ ಸರಿ ಇರ್ಲಿಲ್ವೇನೋ." ನನ್ನ ಮೇಲೆ ಎಳ್ಳಷ್ಟೂ ಅನುಮಾನವಿಲ್ಲ. ಅದನ್ನು ನೆನೆದರೆ ಇವತ್ತಿಗೂ — ಬೇಡ, ನನ್ನ ಸಂಕಟ ಕಟ್ಟಿಕೊಂಡು ನಿನಗೇನು.

ಆಮೇಲೆ ನೀನು ಇಂಗ್ಲಿಷ್ ಆಡುವುದನ್ನೇ ನಿಲ್ಲಿಸಿದೆ. ಈಗ ಆ ವಿದೇಶದವರು ಏನಾದರೂ ಕೇಳಿದರೆ ತಲೆ ತಗ್ಗಿಸಿ ನನ್ನನ್ನು ಕರೆಯುತ್ತೀಯ. ನಾನು ಬಂದು ಅವರ ಮಾತನ್ನು ನಿನಗೆ, ನಿನ್ನ ಮಾತನ್ನು ಅವರಿಗೆ ತಿಳಿಸುತ್ತೇನೆ. ಕಾಫಿ ಮುಗಿಯುವ ತನಕ ಅವರು ನನ್ನ ಜೊತೆಯೇ ಮಾತಾಡುತ್ತಾರೆ. ನಾನು ಬಯಸಿದ್ದು ಇದನ್ನೇ, ರತ್ನಾ.