ಕೌದಿಯ ಕೊನೆಯ ಮೂಲೆ

ಜಾಲಹಳ್ಳಿಯಲ್ಲಿ ಕೌದಿ ಅಂದರೆ ಆದೆಮ್ಮ, ಆದೆಮ್ಮ ಅಂದರೆ ಕೌದಿ ಎನ್ನುವ ಕಾಲವೊಂದಿತ್ತು. ಬಾಣಂತಿಗೆ ಹೊದಿಸಲು, ಕೂಸಿಗೆ ಹಾಸಲು, ಮಗಳನ್ನು ಗಂಡನ ಮನೆಗೆ ಕಳಿಸಲು ಯಾರಿಗೆ ಕೌದಿ ಬೇಕಾದರೂ ಹಳೇ ಸೀರೆಗಳ ಗಂಟು ಹೊತ್ತು ಅವಳ ಕಟ್ಟೆಗೇ ಬರುತ್ತಿದ್ದರು. ತಾಯಿಯಿಂದ ಬಂದ ಕೈ ಅದು. ಕಲಿಯುವ ಕಷ್ಟ ಏನೆಂದು ಆ ಕೈಗೆ ಗೊತ್ತೇ ಇರಲಿಲ್ಲ.

ಹಾಗಿರುವಾಗ ಮೈದುನ ವಿನೋದನ ಹೆಂಡತಿಯಾಗಿ ಮಾನ್ವಿಯಿಂದ ಸೌಭಾಗ್ಯ ಬಂದಳು. ಸೂಜಿಗೆ ದಾರ ಪೋಣಿಸಲೂ ಬಾರದವಳಿಗೆ ಕೌದಿಯ ಹುಚ್ಚು ಹಿಡಿಯಿತು. ಅವಳ ಮೊದಲ ಕೌದಿಯ ಹೊಲಿಗೆ ಸೇಂದಿ ಕುಡಿದವನು ನಡೆದ ಹಾಗಿತ್ತು. ಆದೆಮ್ಮ ಅದನ್ನು ಓಣಿಯವರಿಗೆಲ್ಲ ತೋರಿಸಿ ನಕ್ಕಳು. ಸೌಭಾಗ್ಯಳೂ ನಕ್ಕಳು, ಆಮೇಲೆ ಕೂತು ಅಷ್ಟನ್ನೂ ಬಿಚ್ಚಿದಳು. ಹೊಲಿದಳು, ಮತ್ತೆ ಬಿಚ್ಚಿದಳು. ಹಗಲೆಲ್ಲ ಹತ್ತಿ ಬಿಡಿಸಿ ಬಂದು, ರೊಟ್ಟಿ ಬಡಿದಿಟ್ಟು, ಸೂಜಿ ಹಿಡಿಯುತ್ತಿದ್ದಳು. ದೇವದುರ್ಗದ ಸಂತೆಗೆ ಹೋದರೆ ಬಳೆ ಅಂಗಡಿ ಬಿಟ್ಟು ದರ್ಜಿಗಳ ಬಾಗಿಲಲ್ಲಿ ಚಿಂದಿ ಆಯುತ್ತಿದ್ದಳು. ಬಿಚ್ಚುವುದರಲ್ಲೇ ಇವಳ ಆಯುಷ್ಯ ತೀರುತ್ತದೆ ಎಂದು ಆದೆಮ್ಮ ಹಾಯಾಗಿದ್ದಳು.

ತೀರಲಿಲ್ಲ. ವರ್ಷಗಳು ಕಳೆದಂತೆ ಊರಿನ ಗಂಟುಗಳು ಒಂದೊಂದಾಗಿ ಪಕ್ಕದಲ್ಲೇ ಇದ್ದ ಸೌಭಾಗ್ಯಳ ಬಾಗಿಲಿಗೆ ಹೊರಳಿದವು. ವಿನೋದನಿಗೆ ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಕೆಲಸ ಸಿಕ್ಕಾಗ ಸೌಭಾಗ್ಯ ಅಲ್ಲಿ ತೀನ್ ಕಂದೀಲ್ ಚೌಕದ ಹತ್ತಿರ, ಇಮಾಮ್ ಬೀ ಎಂಬ ಗೆಳತಿಯ ಜೊತೆ ಸೇರಿ ಕೌದಿಯ ಅಂಗಡಿಯನ್ನೇ ತೆರೆದಳು. ಈಗ ಅವಳ ಕೈಕೆಳಗೆ ಹೆಂಗಸರು ಹೊಲಿಯುತ್ತಾರೆ, ಹೈದರಾಬಾದಿನವರು ಹುಡುಕಿಕೊಂಡು ಬರುತ್ತಾರೆ. ಈ ಸುದ್ದಿ ಯಾರಾದರೂ ಎತ್ತಿದರೆ ಆದೆಮ್ಮನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಬಿಚ್ಚಿ ಬಿಚ್ಚಿ ಕಲಿತದ್ದೂ ಒಂದು ವಿದ್ಯೆಯೇನು ಎಂದು ಗಂಡ ಗದ್ದೆಪ್ಪನ ಮುಂದೆ ಕಾರುತ್ತಿದ್ದಳು. ಅವನು ಎಮ್ಮೆಗೆ ನೀರಿಡುವ ನೆಪದಲ್ಲಿ ಎದ್ದು ಹೋಗುತ್ತಿದ್ದ.

ಅಷ್ಟನ್ನೂ ಹೇಗೋ ನುಂಗಿಕೊಂಡಿದ್ದಳು. ಆದರೆ ಮಗಳು ಮಲ್ಲೇಶ್ವರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಗಂಡು ಹೆತ್ತಳು. ಮೊಮ್ಮಗನ ತೊಟ್ಟಿಲಿಗೆಂದು ಆದೆಮ್ಮ ಜೀವ ತೇಯ್ದು ಒಂದು ಕೌದಿ ಹೊಲಿದಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬೆಳಿಗ್ಗೆ ರಾಯಚೂರಿನ ಬಸ್ಸಿಳಿದ ಸೌಭಾಗ್ಯಳ ಚೀಲದಲ್ಲೂ ಒಂದು ಕೌದಿ ಇತ್ತು. ಮಗಳು ಎರಡನ್ನೂ ಸವರಿ ನೋಡಿ, ಚಿಗವ್ವನದನ್ನು ತೊಟ್ಟಿಲಿಗೆ ಹಾಸಿ, ಅವ್ವನದನ್ನು ಮಡಚಿ ಟ್ರಂಕಿನ ಮೇಲಿಟ್ಟಳು.

ಕಾರ್ಯ ಸಂಜೆಗೆ ಇತ್ತು. ಮಧ್ಯಾಹ್ನ ಮಗಳು ಕೂಸಿನೊಂದಿಗೆ ಪಡಸಾಲೆಯಲ್ಲಿ ಬೀಗರ ನಡುವೆ ಕೂತಿದ್ದಾಗ ಆದೆಮ್ಮ ತೊಟ್ಟಿಲಿದ್ದ ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೊಂದು ರೊಟ್ಟಿ ಚೂರು ಇಡಬೇಕು. ಕೌದಿ ಹಸಿದಿದ್ದರೆ ಹೊದ್ದವರ ಮನೆಗೂ ಹಸಿವು ತಪ್ಪದು ಎನ್ನುತ್ತಾರೆ. ಅಂಗಡಿಗೆ ಹೊಲಿಯುವವಳಿಗೆ ಇದೆಲ್ಲ ಎಲ್ಲಿ ನೆನಪಿದ್ದೀತು? ರೊಟ್ಟಿ ಇರದಿದ್ದರೆ ಸಾಕು, ಬೀಗರೆದುರೇ ಆ ಹಸಿದ ಕೌದಿಯನ್ನು ತೊಟ್ಟಿಲಿನಿಂದ ಎತ್ತಿಸುವವಳಿದ್ದಳು. ಸೌಭಾಗ್ಯಳ ಕೌದಿಯನ್ನು ಎಳೆದುಕೊಂಡು ಸೂಜಿಯ ಮೊನೆಯಿಂದ ಮೂಲೆ ಬಿಚ್ಚಿದಳು.

ಜೋಳದ ರೊಟ್ಟಿಯ ಚೂರು ಇತ್ತು. ಹೊರಗೆ ಎಳೆದರೆ ಅವಳ ಬೆರಳಲ್ಲೇ ಪುಡಿಯಾಯಿತು.

ಗಾಬರಿಯಿಂದ ಮೂಲೆ ಮುಚ್ಚಿ ಹೊಲಿದಳು. ಸೌಭಾಗ್ಯಳ ಹೊಲಿಗೆಯ ಪಕ್ಕದಲ್ಲಿ ತನ್ನದು ಎದ್ದು ಕಂಡಿತು. ದೊಡ್ಡದು, ಸೊಟ್ಟದು. ಯಾರು ನೋಡಿದರೂ ಎರಡು ಕೈ ಎಂದು ಹೇಳಬಹುದಿತ್ತು. ಬಿಚ್ಚಿ ಮತ್ತೆ ಹೊಲಿದಳು. ಮತ್ತೆ ಬಿಚ್ಚಿದಳು. ತನ್ನ ಹೊಲಿಗೆಯನ್ನು ತಾನೇ ಬಿಚ್ಚಿದ್ದು ಅವಳ ಜೀವಮಾನದಲ್ಲಿ ಇದೇ ಮೊದಲು.

ಊಟದ ತಾಟು ಹಿಡಿದು ಸೌಭಾಗ್ಯ ಬಾಗಿಲು ತಳ್ಳಿದಳು. ತೆರೆದ ಮೂಲೆ, ನೆಲದ ಮೇಲಿನ ರೊಟ್ಟಿ ಪುಡಿ, ಎಲ್ಲವನ್ನೂ ನೋಡಿದಳು. ಈ ದಾರವೇ ಸುಮಾರು, ಕಣ್ಣೂ ಮಂಜಾಗಿವೆ ಎಂದು ಆದೆಮ್ಮ ಏನೇನೋ ಅಂದಳು. ಕುಣಿಯಲಾರದವಳು ನೆಲ ಡೊಂಕು ಅಂದಂತಾಯಿತೆಂದು ಅವಳಿಗೇ ಗೊತ್ತಾಗಿ ಮುಖ ಸುಟ್ಟಿತು.

ಸೌಭಾಗ್ಯ ತಾಟು ಕೆಳಗಿಟ್ಟು ರೊಟ್ಟಿಯ ತುದಿ ಮುರಿದಳು.

"ಬಿಚ್ಚಿದ ಮ್ಯಾಲ ಮತ್ತ ಉಣ್ಣಿಸಬೇಕಲ್ಲ, ಯಕ್ಕಾ. ನೀನೇ ಹಾಕು. ಮೊಮ್ಮಗ ನಿನ್ನವ."

ಆದೆಮ್ಮ ಚೂರನ್ನು ಒಳಗೆ ತುರುಕಿ ಹೊಲಿಯತೊಡಗಿದಳು. ಸ್ವಲ್ಪ ಹೊತ್ತಿಗೆ ಸೂಜಿ ನಿಂತಿತು. ಯಾರನ್ನೂ ಯಾವತ್ತೂ ಕೇಳದ ಮಾತನ್ನು ತಲೆ ಎತ್ತದೆ ಕೇಳಿದಳು.

"ಸೊಟ್ಟ ಬಂದದೇನು?"

"ಬಂದದ," ಎಂದಳು ಸೌಭಾಗ್ಯ, ಪಕ್ಕದಲ್ಲಿ ಕೂರುತ್ತ. "ಬಿಚ್ಚು."

ಹೊಟ್ಟೆಕಿಚ್ಚು ಇನ್ನೂ ಉರಿಯುತ್ತಲೇ ಇತ್ತು. ಆದರೂ ಆದೆಮ್ಮ ಬಿಚ್ಚಿದಳು.